ಹಸುಳೆಯ ಉಸಿರಿಗೆ ಎರಡು ಕಾವಲು

2024ರ ಅಕ್ಟೋಬರ್ ತಿಂಗಳ ಮೊದಲ ವಾರದಲ್ಲಿ, ಮೈಸೂರಿನ ನಮ್ಮ ಪರಿಚಿತ ಗೃಹಿಣಿಯೊಬ್ಬರು ಮನೆಗೆ ಬಂದು ಒಂದು ಪ್ರಶ್ನೆಯನ್ನು ನಮ್ಮ ಮುಂದಿಟ್ಟರು. ಅವರ ಮಗಳು ಅಮೆರಿಕದ ನ್ಯೂಜೆರ್ಸಿಯಲ್ಲಿ ಸಂಸಾರ ಹೂಡಿರುವವಳು; ಆಗ ಆಕೆಗೆ ಗರ್ಭದ 33ನೆಯ ವಾರ. ತಾಯಿ ಬಾಣಂತನಕ್ಕೆಂದು ನವೆಂಬರ್ 10ಕ್ಕೆ ವಿಮಾನದ ಟಿಕೆಟ್ಟು ಮಾಡಿಸಿ, ಬಜೆ, ಅಳಲೆಕಾಯಿ, ಮೆಂತ್ಯದ ಹಿಟ್ಟು ಎಂದು ಗಂಟು ಕಟ್ಟುತ್ತಿದ್ದರು. ಅಷ್ಟರಲ್ಲಿ ಮಗಳಿಂದ ಫೋನು ಬಂದಿತು. ಚಳಿಗಾಲದಲ್ಲಿ ಎಳೆಗೂಸುಗಳ ಎದೆಗೆ ಇಳಿಯುವ ಆರ್‌ಎಸ್‌ವಿ ಎಂಬ ವೈರಸ್ಸಿನಿಂದ ರಕ್ಷಣೆ ಪಡೆಯಲು ಎರಡು ದಾರಿಗಳುಂಟೆಂದು ಅಲ್ಲಿಯ ಡಾಕ್ಟರು ಹೇಳಿದರಂತೆ. ಬಸುರಿ ಈಗಲೇ ಲಸಿಕೆ ಹಾಕಿಸಿಕೊಳ್ಳಬಹುದು. ಇಲ್ಲವೆ, ಹುಟ್ಟಿದ ಮೇಲೆ ಕೂಸಿಗೇ ಒಂದು ಚುಚ್ಚುಮದ್ದು ಕೊಡಿಸಬಹುದು. ಗಂಡ ಹೆಂಡಿರು ಯೋಚಿಸಿ ಹೇಳಬೇಕು.

ಮಗಳಿಗೆ ತಾನೇ ಹಾಕಿಸಿಕೊಳ್ಳುವ ಮನಸ್ಸು. ಅಳಿಯಂದಿರಿಗೆ, ಬಸುರಿನಲ್ಲಿ ಹೊಸ ಮದ್ದೇಕೆ ಎಂಬ ಅಂಜಿಕೆ. ತಾಯಿಗೆ ಎರಡೂ ಒಗ್ಗದು. "ನಮ್ಮ ಕಾಲದಲ್ಲಿ ಇವೆಲ್ಲ ಎಲ್ಲಿದ್ದುವು? ಬಸುರಿಗೂ ಬೇಡ, ಹಸಿಕೂಸಿಗೂ ಬೇಡ. ಆದರೆ ನಾನು ಬೇಡವೆಂದು ಹೇಳಿ, ನಾಳೆ ಏನಾದರೂ ಆದರೆ? ನೀವು ಇಂಥವನ್ನು ಓದಿಕೊಂಡವರು, ಹೇಳಿ" ಎಂದರು.

ವೈದ್ಯರ ಸ್ಥಾನದಲ್ಲಿ ಕುಳಿತು ಉತ್ತರ ಹೇಳುವ ಅಧಿಕಾರ ನಮಗಿಲ್ಲ. ಆದರೆ ಆ ಎರಡು ದಾರಿಗಳು ಯಾವುವು, ಅವು ಎಲ್ಲಿ ಕೂಡುತ್ತವೆ, ಎಲ್ಲಿ ಅಗಲುತ್ತವೆ ಎಂಬುದನ್ನು ವಿವರಿಸಬಹುದಷ್ಟೆ. ಅಂದು ಅವರಿಗೆ ಹೇಳಿದುದನ್ನೇ ಇಲ್ಲಿ ಸ್ವಲ್ಪ ವಿಸ್ತರಿಸಿ ಬರೆಯುತ್ತಿದ್ದೇವೆ.

ಮೊದಲು ಈ ವೈರಸ್ಸಿನ ಪರಿಚಯ. 1956ರಲ್ಲಿ ವಾಷಿಂಗ್ಟನ್ನಿನ ವಾಲ್ಟರ್ ರೀಡ್ ಸೈನಿಕ ಸಂಶೋಧನ ಸಂಸ್ಥೆಯಲ್ಲಿ ಸಾಕಿದ್ದ ಚಿಂಪಾಂಜಿಗಳಿಗೆ ನೆಗಡಿ ಹತ್ತಿತು. ಅವುಗಳಿಂದ ಬೇರ್ಪಡಿಸಿದ ವೈರಸ್ಸಿಗೆ ಸಂಶೋಧಕರು ಚಿಂಪಾಂಜಿ ನೆಗಡಿಯ ಕಾರಕವೆಂದೇ ಹೆಸರಿಟ್ಟರು. ಮರುವರ್ಷ ರಾಬರ್ಟ್ ಚಾನಕ್ ಎಂಬ ವೈದ್ಯರು ಬಾಲ್ಟಿಮೋರ್ ನಗರದಲ್ಲಿ ಉಸಿರಿನ ಕಾಯಿಲೆಯಿಂದ ನರಳುತ್ತಿದ್ದ ಶಿಶುಗಳಲ್ಲಿ ಅದನ್ನೇ ಕಂಡರು. ಪಾಪ, ಚಿಂಪಾಂಜಿಗಳ ಮೇಲೆ ಹೊರಿಸಿದ್ದ ಅಪವಾದ ಹೀಗೆ ಕಳೆಯಿತು. ಇದು ಮನುಷ್ಯನ ಕೂಸುಗಳ ಕಾಯಿಲೆಯೇ ಆಗಿತ್ತು. ಈ ವೈರಸ್ಸು ಹೊಕ್ಕ ಜೀವಕೋಶಗಳು ನೆರೆಯ ಕೋಶಗಳೊಡನೆ ಗೋಡೆ ಕಳೆದುಕೊಂಡು ಒಂದೇ ಮುದ್ದೆಯಾಗಿ ಬೆರೆಯುತ್ತವೆ. ಅಂತಹ ಮುದ್ದೆಗೆ ಸಿನ್ಸಿಷಿಯಂ ಎಂದು ಹೆಸರು. ಆದುದರಿಂದ ವೈರಸ್ಸಿಗೆ ರೆಸ್ಪಿರೇಟರಿ ಸಿನ್ಸಿಷಿಯಲ್ ವೈರಸ್ ಎಂಬ ಉದ್ದನೆಯ ನಾಮಕರಣವಾಯಿತು. ಆರ್‌ಎಸ್‌ವಿ ಎಂಬುದು ಅದರ ಮೊಟಕು ರೂಪ.

ಎರಡು ವರ್ಷ ತುಂಬುವುದರೊಳಗೆ ಬಹುತೇಕ ಎಲ್ಲ ಮಕ್ಕಳಿಗೂ ಇದು ಒಮ್ಮೆಯಾದರೂ ಸೋಂಕುತ್ತದೆ. ದೊಡ್ಡವರಲ್ಲಿ ಇದು ಸಾಮಾನ್ಯವಾಗಿ ಒಂದು ನೆಗಡಿ, ಅಷ್ಟೆ. ನಮಗೆ ನೆಗಡಿಯಾಗಿ ಹೋಗುವುದು ಎರಡು ತಿಂಗಳ ಕೂಸಿಗೆ ಪ್ರಾಣಸಂಕಟವಾಗುವುದೇಕೆ? ಇದಕ್ಕೆ ಉತ್ತರ ಅರ್ಧದಷ್ಟು ಭೌತಶಾಸ್ತ್ರದಲ್ಲಿದೆ. 1840ರ ಸುಮಾರಿಗೆ ಪ್ವಾಜೈ ಎಂಬ ಫ್ರೆಂಚ್ ವೈದ್ಯನು ಸಣ್ಣ ನಳಿಗೆಗಳಲ್ಲಿ ದ್ರವ ಹರಿಯುವ ನಿಯಮವನ್ನು ಅಳೆದು ತೋರಿಸಿದನು. ನಳಿಗೆಯ ತ್ರಿಜ್ಯ ಅರ್ಧವಾದರೆ ಹರಿವಿಗೆ ಒದಗುವ ಅಡ್ಡಿ ಇಮ್ಮಡಿಯಾಗುವುದಿಲ್ಲ, ನಾಲ್ಮಡಿಯೂ ಅಲ್ಲ, 16 ಮಡಿಯಾಗುತ್ತದೆ. ಸಮವಾಗಿ ಸಾಗುವ ಗಾಳಿಗೂ ಇದೇ ನಿಯಮ. ಈಗ 8 ಮಿಲಿಮೀಟರ್ ವ್ಯಾಸದ ಒಂದು ನಳಿಗೆಯನ್ನೂ 4 ಮಿಲಿಮೀಟರಿನ ಇನ್ನೊಂದನ್ನೂ ಭಾವಿಸಿಕೊಳ್ಳಿರಿ. ಎರಡರ ಒಳಗೋಡೆಯೂ ಸುತ್ತಲೂ 1 ಮಿಲಿಮೀಟರಿನಷ್ಟು ಊದಿಕೊಳ್ಳಲಿ. ದೊಡ್ಡದರಲ್ಲಿ ಅಡ್ಡಿ ಸುಮಾರು ಮೂರು ಮಡಿ ಹೆಚ್ಚುತ್ತದೆ. ಚಿಕ್ಕದರಲ್ಲಿ 16 ಮಡಿ. ಬಾವು ಒಂದೇ, ಫಲ ಬೇರೆ. ಆರ್‌ಎಸ್‌ವಿ ಹೋಗಿ ಕೂರುವುದು ಇದಕ್ಕಿಂತ ಎಷ್ಟೋ ಕಿರಿದಾದ, ಶ್ವಾಸಕೋಶದ ತುದಿಯ ಕಿರುನಾಳಗಳಲ್ಲಿ. ಅಲ್ಲಿ ಬಾವಿನ ಜೊತೆಗೆ ಲೋಳೆಯೂ, ಉದುರಿದ ಕೋಶಗಳ ಕಸವೂ ಸೇರಿ ಬೆಣೆಯಂತೆ ಸಿಕ್ಕಿಕೊಳ್ಳುತ್ತವೆ. ಕೂಸು ಮೈಯ ಬಲವನ್ನೆಲ್ಲ ಉಸಿರೆಳೆಯುವುದಕ್ಕೇ ಹಾಕುತ್ತದೆ. ಹಾಲು ಕುಡಿಯಲು ಶಕ್ತಿ ಉಳಿಯುವುದಿಲ್ಲ.

ಈ ಮಾತು ಬಂದಾಗ ನಮ್ಮ ಪರಿಚಿತೆ ತಲೆಯೆತ್ತಿ ನೋಡಿದರು. ಅವರ ಚೊಚ್ಚಲ ಮಗ ಎರಡು ತಿಂಗಳಿನವನಿದ್ದಾಗ ಉಬ್ಬಸ ಹತ್ತಿ ಮೂರು ರಾತ್ರಿ ಕಣ್ಣು ಮುಚ್ಚಿರಲಿಲ್ಲವಂತೆ. ನೆರೆಯವರು ಬಾಲಗ್ರಹವೆಂದು ಹೇಳಿ ಬರೆ ಹಾಕಿಸಲು ಹೊರಟಿದ್ದರಂತೆ. ಮಗು ಉಳಿಯಿತು. ಅದು ಯಾವ ರೋಗಾಣುವೆಂದು ಆಗ ಪರೀಕ್ಷೆ ಮಾಡಿದವರಿಲ್ಲ. "ನಮ್ಮ ಕಾಲದಲ್ಲಿ ಇರಲಿಲ್ಲ" ಎಂಬ ಮಾತನ್ನು ಅವರು ಮತ್ತೆ ಆಡಲಿಲ್ಲ.

ಇಡೀ ಜಗತ್ತಿನ ಲೆಕ್ಕ ನೋಡಿದರೆ, 2019ರಲ್ಲಿ ಐದು ವರ್ಷದೊಳಗಿನ ಸುಮಾರು ಒಂದು ಲಕ್ಷ ಮಕ್ಕಳು ಈ ವೈರಸ್ಸಿನಿಂದ ಸತ್ತರೆಂದು ಅಂದಾಜು. ಅವರಲ್ಲಿ 45 ಸಾವಿರಕ್ಕೂ ಹೆಚ್ಚು ಕೂಸುಗಳು ಆರು ತಿಂಗಳನ್ನೂ ಕಂಡಿರಲಿಲ್ಲ. ನೂರರಲ್ಲಿ 97ಕ್ಕಿಂತ ಹೆಚ್ಚು ಸಾವುಗಳು ಸಂಭವಿಸಿದ್ದು ಬಡ ಮತ್ತು ಮಧ್ಯಮ ಆದಾಯದ ದೇಶಗಳಲ್ಲಿ. ಈ ವೈರಸ್ಸನ್ನು ಕೊಲ್ಲುವ ಔಷಧಿಯನ್ನು ಶಿಶುಗಳಿಗೆ ವಾಡಿಕೆಯಾಗಿ ಕೊಡುವಂತಿಲ್ಲ. ಆಮ್ಲಜನಕ, ನೀರು, ಆಹಾರ ಒದಗಿಸಿ ಕಾಯುವುದೇ ಚಿಕಿತ್ಸೆ. ಪೆನಿಸಿಲಿನ್ ಮೊದಲಾದ ಮದ್ದುಗಳು ಬ್ಯಾಕ್ಟೀರಿಯಗಳ ಮೇಲೆ ಕೆಲಸ ಮಾಡುವುವೇ ಹೊರತು ವೈರಸ್ಸಿನ ಮೇಲಲ್ಲ.

ಹಾಗಿದ್ದರೆ 1957ರಲ್ಲಿಯೇ ಗುರುತು ಸಿಕ್ಕ ಶತ್ರುವಿಗೆ ಲಸಿಕೆ ಸಿದ್ಧವಾಗಲು 2023ರವರೆಗೆ ಏಕೆ ಕಾಯಬೇಕಾಯಿತು? ಇದು ವಿಜ್ಞಾನದ ಚರಿತ್ರೆಯಲ್ಲಿ ಒಂದು ದುಃಖದ ಅಧ್ಯಾಯ. 1960ರ ದಶಕದಲ್ಲಿ ಪೋಲಿಯೋ ಲಸಿಕೆಯ ವಿಜಯದಿಂದ ಉತ್ಸಾಹಗೊಂಡಿದ್ದ ಸಂಶೋಧಕರು, ಅದೇ ಮಾದರಿಯಲ್ಲಿ ಆರ್‌ಎಸ್‌ವಿಯನ್ನು ಫಾರ್ಮಲಿನ್ನಿನಲ್ಲಿ ಕೊಂದು ಲಸಿಕೆ ಮಾಡಿದರು. 1966ರ ಸುಮಾರಿಗೆ ಅಮೆರಿಕದಲ್ಲಿ ಅದನ್ನು ಶಿಶುಗಳಿಗೆ ಕೊಟ್ಟರು. ರಕ್ತದಲ್ಲಿ ಪ್ರತಿಕಾಯಗಳೇನೋ ಹುಟ್ಟಿದುವು. ಆದರೆ ಚಳಿಗಾಲ ಬಂದು ನಿಜವಾದ ವೈರಸ್ಸು ತಗಲಿದಾಗ ಲೆಕ್ಕ ತಲೆಕೆಳಗಾಯಿತು. ಒಂದು ಗುಂಪಿನಲ್ಲಿ ಲಸಿಕೆ ಪಡೆದು ಸೋಂಕು ತಗಲಿದ 20 ಮಕ್ಕಳಲ್ಲಿ 16 ಮಕ್ಕಳನ್ನು ಆಸ್ಪತ್ರೆಗೆ ಸೇರಿಸಬೇಕಾಯಿತು. ಈ ಲಸಿಕೆ ಪಡೆಯದೆ ಸೋಂಕಿದ ಮಕ್ಕಳಲ್ಲಿ ನೂರಕ್ಕೆ ಐದರಷ್ಟು ಮಾತ್ರ. ಲಸಿಕೆ ಪಡೆದ ಇಬ್ಬರು ಮಕ್ಕಳು ತೀರಿಕೊಂಡರು. ಕಾವಲುಗಾರನೇ ಕಳ್ಳನಿಗೆ ಕದ ತೆರೆದಂತಾಯಿತು. ಬಸುರಿಗೆ, ಶಿಶುವಿಗೆ ಆರ್‌ಎಸ್‌ವಿ ಮದ್ದೆಂದರೆ ವೈದ್ಯಲೋಕವೇ ದಶಕಗಳ ಕಾಲ ಹಿಂಜರಿಯಿತು. ಇಂದಿನ ತಂದೆತಾಯಿಗಳ ಅಂಜಿಕೆಯನ್ನು ಅಜ್ಞಾನವೆಂದು ತಳ್ಳಿಹಾಕುವವರು ಈ ಘಟನೆಯನ್ನು ನೆನೆಯುವುದು ಒಳ್ಳೆಯದು.

ತಪ್ಪು ಎಲ್ಲಿತ್ತೆಂಬುದು ಪೂರ್ತಿ ಬೆಳಕಿಗೆ ಬರಲು ಬಹುಕಾಲ ಹಿಡಿಯಿತು. ಈ ವೈರಸ್ಸಿನ ಮೈಮೇಲೆ ಎಫ್ ಎಂಬ ಒಂದು ಪ್ರೋಟೀನು ಉಂಟು. ಕೋಶದ ಗೋಡೆಯೊಡನೆ ವೈರಸ್ಸನ್ನು ಬೆಸೆಯುವುದು ಅದರ ಕೆಲಸ. ಬೆಸೆಯುವುದಕ್ಕೆ ಮುಂಚೆ ಅದರದು ಒಂದು ಆಕಾರ. ಬೆಸೆದ ಮೇಲೆ ತೀರ ಬೇರೊಂದು ಆಕಾರ. ಹೆದೆಯೇರಿಸಿ ಸೆಳೆದ ಬಿಲ್ಲಿಗೂ ಬಾಣ ಬಿಟ್ಟ ಬಿಲ್ಲಿಗೂ ಇರುವ ಅಂತರದಂತೆ ಇದನ್ನು ತಿಳಿಯಬಹುದು. ಫಾರ್ಮಲಿನ್ನಿನಲ್ಲಿ ಕೊಂದ ವೈರಸ್ಸಿನಲ್ಲಿ ಉಳಿದಿದ್ದುದು ಬಹುಮಟ್ಟಿಗೆ ಬಾಣ ಬಿಟ್ಟ ಬಿಲ್ಲುಗಳೇ. ಅವನ್ನು ನೋಡಿ ಕಲಿತ ಪ್ರತಿಕಾಯಗಳು ಹೂಡಿದ ಬಿಲ್ಲನ್ನು ಸರಿಯಾಗಿ ಹಿಡಿಯಲಾರದೆ ಹೋದುವು. ಅದರ ಮೇಲೆ, ದೇಹದ ರಕ್ಷಣಾ ವ್ಯವಸ್ಥೆ ತಪ್ಪು ದಿಕ್ಕಿನಲ್ಲಿ ಕೆರಳಿ ಶ್ವಾಸಕೋಶದ ಬಾವನ್ನೇ ಹೆಚ್ಚಿಸಿತು. 2013ರಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ಜೇಸನ್ ಮೆಕ್‌ಲೆಲನ್, ಬಾರ್ನೀ ಗ್ರಹಾಂ ಮತ್ತವರ ಸಂಗಡಿಗರು ಹೂಡಿದ ಸ್ಥಿತಿಯ ಎಫ್ ಪ್ರೋಟೀನಿನ ನಿಖರವಾದ ರೂಪವನ್ನು ಕಂಡುಹಿಡಿದು, ಅದು ಸಡಿಲದಂತೆ ಬಿಗಿಯುವ ಉಪಾಯವನ್ನೂ ತೋರಿಸಿದರು. ಇಂದಿನ ಎರಡು ಕಾವಲುಗಳೂ ನಿಂತಿರುವುದು ಈ ಹೂಡಿದ ಬಿಲ್ಲಿನ ಜ್ಞಾನದ ಮೇಲೆ. ಕೋವಿಡ್ ಲಸಿಕೆಗಳಲ್ಲಿಯೂ ಇದೇ ಪಾಠ ನೆರವಿಗೆ ಬಂದಿತು.

ಇನ್ನು ಅಸಲು ವಿಷಯಕ್ಕೆ ಬರೋಣ. ತಾಯಿ ಲಸಿಕೆ ಹಾಕಿಸಿಕೊಂಡರೆ ಕೂಸಿಗೆ ಹೇಗೆ ರಕ್ಷಣೆ?

1892ರಲ್ಲಿ ಪಾಲ್ ಎರ್ಲಿಖ್ ಎಂಬ ಜರ್ಮನ್ ವಿಜ್ಞಾನಿ ಇಲಿಗಳ ಮೇಲೆ ಸೊಗಸಾದ ಪ್ರಯೋಗಗಳನ್ನು ಮಾಡಿದನು. ಅವನು ಬಳಸಿದ ವಿಷಗಳು ನಮಗೆ ಅಪರಿಚಿತವೇನಲ್ಲ: ಒಂದು ಗುಲಗಂಜಿಯದು, ಇನ್ನೊಂದು ಹರಳಿನದು. ಈ ವಿಷವನ್ನು ಸ್ವಲ್ಪ ಸ್ವಲ್ಪವಾಗಿ ಕೊಟ್ಟು ತಾಯಿಲಿಯನ್ನು ಪಳಗಿಸಿದರೆ ಅದರ ಮರಿಗಳೂ ಕೆಲಕಾಲ ವಿಷವನ್ನು ತಾಳುತ್ತಿದ್ದುವು. ತಂದೆಯನ್ನು ಮಾತ್ರ ಪಳಗಿಸಿದರೆ ಮರಿಗಳಿಗೆ ಏನೂ ಬರುತ್ತಿರಲಿಲ್ಲ. ಮರಿಗಳನ್ನು ಅದಲು ಬದಲು ಮಾಡಿ ಬೇರೆ ತಾಯಿಯ ಹಾಲು ಕುಡಿಸಿಯೂ ನೋಡಿದನು. ಹೀಗೆ ತಾಯಿ ತನ್ನ ರಕ್ಷಣೆಯನ್ನು ಮರಿಗೆ ಎರವಲು ಕೊಡುತ್ತಾಳೆಂಬುದು ಸ್ಪಷ್ಟವಾಯಿತು. ಇಲಿಗಳಲ್ಲಿ ಹಾಲಿನ ಪಾತ್ರ ದೊಡ್ಡದು. ಮನುಷ್ಯರಲ್ಲಿ ರಕ್ತದ ಪ್ರತಿಕಾಯಗಳು ದಾಟುವುದು ಮಾಸಿನ, ಎಂದರೆ ಜರಾಯುವಿನ, ಮೂಲಕ. ಜರಾಯುವಿನ ಕೋಶಗಳಲ್ಲಿ ಇದಕ್ಕೆಂದೇ ಹಿಡಿಕೆಯಂಥ ಒಂದು ಪ್ರೋಟೀನು ಉಂಟು. ಅದು ತಾಯಿಯ ಪ್ರತಿಕಾಯವನ್ನು ಹಿಡಿದು ಕೂಸಿನ ಕಡೆಗೆ ದಾಟಿಸುತ್ತದೆ. ಈ ಸಾಗಣೆ ಕೊನೆಯ ವಾರಗಳಲ್ಲಿ ಭರದಿಂದ ನಡೆದು, ದಿನ ತುಂಬಿ ಹುಟ್ಟಿದ ಕೂಸಿನ ರಕ್ತದಲ್ಲಿ ಎಷ್ಟೋ ವೇಳೆ ತಾಯಿಗಿಂತಲೂ ಹೆಚ್ಚು ಪ್ರತಿಕಾಯ ಇರುತ್ತದೆ. ತಾಯಿ ತನಗಿಂತ ಹೆಚ್ಚನ್ನು ಮಗುವಿಗೆ ಬಡಿಸುವುದು ಊಟದ ಎಲೆಯಲ್ಲಿ ಮಾತ್ರವಲ್ಲ.

ನಮ್ಮ ಪರಿಚಿತೆಯನ್ನು ನಾವು ಕೇಳಿದೆವು: "ನೀವು ಬಸುರಿಯಾಗಿದ್ದಾಗ ಧನುರ್ವಾಯುವಿನ ಸೂಜಿ ಹಾಕಿಸಿಕೊಂಡಿರಲಿಲ್ಲವೆ?" ಹಾಕಿಸಿಕೊಂಡಿದ್ದರು. ಹೆರಿಗೆಯಲ್ಲಿ ಕೂಸಿಗೆ ಧನುರ್ವಾಯು ತಗಲದಿರಲೆಂದು ನಮ್ಮ ದೇಶದ ಕೋಟ್ಯಂತರ ತಾಯಂದಿರು ಪಡೆದ ಚುಚ್ಚುಮದ್ದು ಅದೇ ದಾರಿಯದು. ತಾಯಂದಿರ ಮತ್ತು ನವಜಾತ ಶಿಶುಗಳ ಧನುರ್ವಾಯು ಭಾರತದಲ್ಲಿ ನಿರ್ಮೂಲನದ ಮಟ್ಟಕ್ಕೆ ಇಳಿದಿದೆಯೆಂದು 2015ರಲ್ಲಿ ಘೋಷಿಸಲಾಯಿತು. ಹೊಸದಿರುವುದು ಮದ್ದಿನಲ್ಲಿಯೇ ಹೊರತು ದಾರಿಯಲ್ಲಲ್ಲ.

ಮೊದಲನೆಯ ಕಾವಲಿನ ಮಾರಾಟದ ಹೆಸರು ಅಬ್ರಿಸ್ವೋ. ಹೂಡಿದ ಸ್ಥಿತಿಯ ಎಫ್ ಪ್ರೋಟೀನನ್ನು ಇದರ ಮೂಲಕ ತಾಯಿಗೆ ಕೊಡುತ್ತಾರೆ. ಪ್ರತಿಕಾಯ ತಯಾರಿಸುವವಳು ತಾಯಿ. ಅಮೆರಿಕದಲ್ಲಿ 2023ರ ಆಗಸ್ಟಿನಲ್ಲಿ ಮಂಜೂರಾಯಿತು. 18 ದೇಶಗಳ ಏಳು ಸಾವಿರಕ್ಕೂ ಹೆಚ್ಚು ಗರ್ಭಿಣಿಯರಲ್ಲಿ ನಡೆದ ಪರೀಕ್ಷೆಯಲ್ಲಿ, ಹುಟ್ಟಿದ ಮೊದಲ 90 ದಿನಗಳಲ್ಲಿ ತೀವ್ರ ಕಾಯಿಲೆ ನೂರಕ್ಕೆ 82ರಷ್ಟು ಕಡಿಮೆಯಾಯಿತು. 180 ದಿನಗಳ ಲೆಕ್ಕ ಹಿಡಿದರೆ 69ರಷ್ಟು. ಎರವಲು ಬಂದ ಪ್ರತಿಕಾಯ ದಿನೇ ದಿನೇ ಕರಗುವುದರಿಂದ ಈ ಇಳಿತ.

ಎರಡನೆಯ ಕಾವಲು ನಿರ್ಸೆವಿಮ್ಯಾಬ್ ಎಂಬುದು. ಇದು ಲಸಿಕೆಯಲ್ಲ, ಸಿದ್ಧ ಪ್ರತಿಕಾಯವೇ. ಕಾರ್ಖಾನೆಯಲ್ಲಿ ಹ್ಯಾಮ್‌ಸ್ಟರ್ ಎಂಬ ಇಲಿಜಾತಿಯ ಪ್ರಾಣಿಯಿಂದ ಬಂದ ಕೋಶಗಳ ಸಂತತಿಯನ್ನು ಬೆಳೆಸಿ ತೆಗೆಯುತ್ತಾರೆ. (ನಿಷ್ಠಾವಂತ ಶಾಕಾಹಾರಿಗಳು ಇದನ್ನು ಕೇಳಿ ಹುಬ್ಬೇರಿಸಬಹುದು, ಆದರೆ ಅಬ್ರಿಸ್ವೋದ ಪ್ರೋಟೀನನ್ನೂ ಅದೇ ಬಗೆಯ ಕೋಶಗಳಲ್ಲಿಯೇ ಬೆಳೆಸುತ್ತಾರೆ.) ಇದಕ್ಕೂ ಮುಂಚೆ, 1998ರಿಂದ, ಪ್ಯಾಲಿವಿಜುಮ್ಯಾಬ್ ಎಂಬ ಪ್ರತಿಕಾಯ ಬಳಕೆಯಲ್ಲಿದ್ದಿತು. ಅದನ್ನು ತಿಂಗಳು ತಿಂಗಳಿಗೂ ಚುಚ್ಚಬೇಕಾಗಿದ್ದುದರಿಂದಲೂ ದುಬಾರಿಯಾದುದರಿಂದಲೂ ದಿನ ತುಂಬದೆ ಹುಟ್ಟಿದ ಅಥವಾ ಹೃದ್ರೋಗವಿರುವ ಕೂಸುಗಳಿಗಷ್ಟೇ ಮೀಸಲಿಟ್ಟಿದ್ದರು. ಹೊಸ ಪ್ರತಿಕಾಯದ ಬಾಲದಲ್ಲಿ ಮೂರು ಅಮೈನೋ ಆಮ್ಲಗಳನ್ನು ಬದಲಿಸಿದುದರ ಫಲವಾಗಿ ಅದು ರಕ್ತದಲ್ಲಿ ಬೇಗ ಕರಗದು. ಸಾಮಾನ್ಯ ಪ್ರತಿಕಾಯ ಸುಮಾರು ಮೂರು ವಾರಗಳಲ್ಲಿ ಅರ್ಧವಾದರೆ ಇದು ಅರ್ಧವಾಗಲು 70 ದಿನಗಳಾಗುತ್ತವೆ. ಒಂದೇ ಚುಚ್ಚಿನಲ್ಲಿ ಐದು ತಿಂಗಳ ಕಾವಲು. 5 ಕಿಲೋಗ್ರಾಂ ಒಳಗಿನ ಕೂಸಿಗೆ 50 ಮಿಲಿಗ್ರಾಂ, ಮೇಲ್ಪಟ್ಟರೆ 100. ಫ್ರಾನ್ಸ್, ಜರ್ಮನಿ, ಬ್ರಿಟನ್ನುಗಳ ಸುಮಾರು ಎಂಟು ಸಾವಿರ ಶಿಶುಗಳ ಪರೀಕ್ಷೆಯಲ್ಲಿ ಆಸ್ಪತ್ರೆ ಸೇರುವ ಪ್ರಸಂಗ ನೂರಕ್ಕೆ 83ರಷ್ಟು ಇಳಿಯಿತು. 2023ರ ಚಳಿಗಾಲದಲ್ಲಿ ಸ್ಪೇನಿನ ಗಲೀಸಿಯ ಪ್ರಾಂತದ ಶಿಶುಗಳಿಗೆ ಸಾರ್ವತ್ರಿಕವಾಗಿ ಕೊಟ್ಟಾಗಲೂ ಹೆಚ್ಚು ಕಡಿಮೆ ಇದೇ ಫಲ ಕಂಡಿತು.

ಓದುಗರು ಗಮನಿಸಿರಬಹುದು: ಎರಡರಲ್ಲಿಯೂ ಕೂಸಿಗೆ ತಲಪುವ ವಸ್ತು ಒಂದೇ ಬಗೆಯದು, ಎಫ್ ಪ್ರೋಟೀನನ್ನು ಹಿಡಿಯುವ ಪ್ರತಿಕಾಯ. ಒಂದು ಕಡೆ ತಾಯಿಯ ಮನೆಯಡಿಗೆ, ಇನ್ನೊಂದು ಕಡೆ ಹೊರಗಿನಿಂದ ತಂದ ಬುತ್ತಿ. "ಇದು ಸಹಜ, ಅದು ಕೃತಕ" ಎಂದು ವಾದ ಹೂಡುವವರನ್ನು ನಾವು ಬಹಳ ಕಂಡಿದ್ದೇವೆ. ಆಯ್ಕೆಯನ್ನು ತೀರ್ಮಾನಿಸಬೇಕಾದುದು ಆ ವಾದವಲ್ಲ, ಗೋಡೆಯ ಮೇಲಿನ ಕ್ಯಾಲೆಂಡರು. ತಾಯಿಗೆ ಲಸಿಕೆ ಹಾಕಿದ ಮೇಲೆ ಪ್ರತಿಕಾಯ ಹುಟ್ಟಿ, ಜರಾಯುವನ್ನು ದಾಟಿ, ಕೂಸಿನಲ್ಲಿ ತುಂಬಲು ಕನಿಷ್ಠ 14 ದಿನಗಳು ಬೇಕು. ಅದಕ್ಕೆ ಮುಂಚೆ ಹೆರಿಗೆಯಾದರೆ ಲಸಿಕೆಯ ಫಲವನ್ನು ನಂಬುವಂತಿಲ್ಲ. ಆಗ ಕೂಸಿಗೆ ಪ್ರತಿಕಾಯವನ್ನು ಕೊಡುತ್ತಾರೆ. ಹೆರಿಗೆ ವೈರಸ್ಸಿನ ಋತುವಿಗೆ ಬಹು ಹಿಂದೆಯೇ ಆಗುವುದಾದರೆ, ತಾಯಿ ಕೊಟ್ಟ ಎರವಲು ಚಳಿಗಾಲ ಬರುವಷ್ಟರಲ್ಲಿ ಖರ್ಚಾಗಿರುತ್ತದೆ. ಈ ಕಾರಣದಿಂದ ಅಮೆರಿಕದಲ್ಲಿ ತಾಯಂದಿರ ಲಸಿಕೆಗೆ ಸೆಪ್ಟೆಂಬರಿನಿಂದ ಜನವರಿಯವರೆಗೆ, 32ರಿಂದ 36ನೆಯ ವಾರದ ಗಡುವನ್ನು ಇಟ್ಟರು. ಏಪ್ರಿಲಿನಲ್ಲಿ ಹುಟ್ಟಿದ ಕೂಸಿಗೆ ಮುಂದಿನ ಅಕ್ಟೋಬರಿನ ಚುಚ್ಚುಮದ್ದೇ ಲೇಸು. ಮದ್ದು ದೊರೆಯುವುದೇ ಎಂಬುದನ್ನೂ ಕೇಳಿಕೊಳ್ಳಬೇಕು: 2023ರ ಶರತ್ಕಾಲದಲ್ಲಿ ಅಮೆರಿಕದಲ್ಲಿಯೇ ನಿರ್ಸೆವಿಮ್ಯಾಬ್ ಸಾಲದೆ ಹೋಗಿತ್ತು. ಸಾಮಾನ್ಯವಾಗಿ ಎರಡರಲ್ಲಿ ಒಂದಾದರೆ ಸಾಕು. ಇನ್ನೊಂದು ಎಚ್ಚರಿಕೆಯ ಮಾತು: ವೃದ್ಧರಿಗೆಂದು ತಯಾರಾದ ಬೇರೆ ಆರ್‌ಎಸ್‌ವಿ ಲಸಿಕೆಗಳೂ ಉಂಟು, ಅವು ಬಸುರಿಯರಿಗಲ್ಲ. ಹೆಸರು ಓದಿ ಹಾಕಿಸಿಕೊಳ್ಳಬೇಕು.

ಅಳಿಯಂದಿರ ಅಂಜಿಕೆಗೆ ಉತ್ತರ ಹೇಳದೆ ಮುಂದೆ ಹೋಗುವುದು ಸರಿಯಲ್ಲ. ತಾಯಂದಿರಿಗೆಂದು ಇನ್ನೊಂದು ಕಂಪನಿ ಸಿದ್ಧಪಡಿಸುತ್ತಿದ್ದ ಇಂಥದೇ ಲಸಿಕೆಯ ಪರೀಕ್ಷೆಯನ್ನು 2022ರಲ್ಲಿ ನಡುವೆಯೇ ನಿಲ್ಲಿಸಬೇಕಾಯಿತು. ಲಸಿಕೆ ಪಡೆದವರಲ್ಲಿ ನೂರಕ್ಕೆ 6.8, ಹುಸಿಮದ್ದು ಪಡೆದವರಲ್ಲಿ 4.9 ಮಂದಿಗೆ ದಿನ ತುಂಬುವ ಮುಂಚೆ ಹೆರಿಗೆಯಾಗಿತ್ತು. ಅಬ್ರಿಸ್ವೋ ಪರೀಕ್ಷೆಯಲ್ಲಿಯೂ ಅಂಕಿಗಳು ಕ್ರಮವಾಗಿ 5.7 ಮತ್ತು 4.7. ಈ ಎರಡನೆಯ ಅಂತರ ಚಿಕ್ಕದು. ಕೇವಲ ಆಕಸ್ಮಿಕವಾಗಿಯೂ ಬಂದಿರಬಹುದಾದಷ್ಟು. ಆದರೂ ಅಮೆರಿಕದ ಅಧಿಕಾರಿಗಳು ಅದನ್ನು ಮರೆಮಾಚದೆ, 32ನೆಯ ವಾರಕ್ಕೆ ಮುಂಚೆ ಲಸಿಕೆ ಬೇಡವೆಂದು ಗೆರೆ ಎಳೆದರು. ಆಮೇಲೆ ನ್ಯೂಯಾರ್ಕಿನ ಎರಡು ಆಸ್ಪತ್ರೆಗಳಲ್ಲಿ ಸುಮಾರು ಮೂರು ಸಾವಿರ ಗರ್ಭಿಣಿಯರ ದಾಖಲೆಗಳನ್ನು ನೋಡಿದಾಗ, ಲಸಿಕೆ ಪಡೆದವರಲ್ಲಿ 5.9, ಪಡೆಯದವರಲ್ಲಿ 6.7 ಎಂದು ಕಂಡಿತು. ನಮ್ಮ ಮಟ್ಟಿಗೆ ಈ ಅಂಕಿಗಳು ಧೈರ್ಯ ಕೊಡುತ್ತವೆ. ಆದರೆ ಅಕಾಲದಲ್ಲಿ ಹೆರುವ ಸಂಭವ ಮೊದಲೇ ಹೆಚ್ಚಾಗಿರುವ ತಾಯಿ, ಲಸಿಕೆಯನ್ನು ಬಿಟ್ಟು ಕೂಸಿನ ಚುಚ್ಚುಮದ್ದನ್ನು ಆರಿಸಿಕೊಂಡರೆ ಅದು ಹೇಡಿತನವಲ್ಲ. ವೈದ್ಯರೊಡನೆ ಆ ಮಾತನ್ನು ಬಾಯಿಬಿಟ್ಟು ಆಡಬೇಕು.

ಎಲ್ಲ ದೇಶಗಳಲ್ಲಿಯೂ ಇಂತಹ ಆಯ್ಕೆ ಇಲ್ಲ. ಬ್ರಿಟನ್ನಿನಲ್ಲಿ 2024ರ ಸೆಪ್ಟೆಂಬರ್ 1ರಿಂದ 28ನೆಯ ವಾರ ಕಳೆದ ಗರ್ಭಿಣಿಯರಿಗೆ ವರ್ಷದುದ್ದಕ್ಕೂ ಲಸಿಕೆ ಕೊಡುತ್ತಾರೆ. 2025ರ ಮೇ ತಿಂಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆ, ಎಲ್ಲ ದೇಶಗಳೂ ಎರಡರಲ್ಲಿ ಒಂದನ್ನಾದರೂ ಜಾರಿಗೆ ತರಬೇಕೆಂದು ಸಲಹೆ ಮಾಡಿತು. ಇಲ್ಲಿ ಬೆಲೆಯ ಪ್ರಶ್ನೆ ಏಳುತ್ತದೆ. ಅಮೆರಿಕದಲ್ಲಿ ಮಾರಾಟಕ್ಕೆ ಬಂದಾಗ ಲಸಿಕೆಯ ಬೆಲೆ ಸುಮಾರು 295 ಡಾಲರ್, ಪ್ರತಿಕಾಯದ್ದು 495 ಡಾಲರ್. ಸಾವುಗಳು ಹೆಚ್ಚಾಗಿರುವ ದೇಶಗಳಿಗೆ ಈ ಬೆಲೆ ಎಟುಕುವಂತಹುದಲ್ಲ. ನಮ್ಮ ರಾಷ್ಟ್ರೀಯ ಲಸಿಕಾ ಕಾರ್ಯಕ್ರಮದಲ್ಲಿ ನಾವು ಇದನ್ನು ಬರೆಯುವ ವೇಳೆಗೆ ಎರಡೂ ಸೇರಿಲ್ಲ. ಅದೂ ಅಲ್ಲದೆ, ಉಷ್ಣವಲಯದ ಎಷ್ಟೋ ಕಡೆ ಈ ವೈರಸ್ಸಿನ ಹಾವಳಿ ಮಳೆಗಾಲವನ್ನು ಅನುಸರಿಸುತ್ತದೆ. ನ್ಯೂಜೆರ್ಸಿಯ ಕ್ಯಾಲೆಂಡರು ಮೈಸೂರಿಗೆ ಹೊಂದದು.

ಯಾವ ಮದ್ದೂ ಸಿಗದಿದ್ದಲ್ಲಿ ಹಳೆಯ ಕ್ರಮಗಳೇ ಗತಿ. ಮದ್ದು ಸಿಕ್ಕಲ್ಲಿಯೂ ಅವು ಬೇಕು. ಎದೆಹಾಲು, ಸಾಬೂನಿನಿಂದ ಕೈ ತೊಳೆಯುವುದು, ಕೂಸಿರುವ ಮನೆಯಲ್ಲಿ ಬೀಡಿ ಸಿಗರೇಟಿನ ಮತ್ತು ಒಲೆಯ ಹೊಗೆ ಇಲ್ಲದಿರುವುದು, ನೆಗಡಿಯಾದವರು ತೊಟ್ಟಿಲಿನಿಂದ ದೂರವಿರುವುದು. ಉಸಿರೆಳೆದಾಗ ಪಕ್ಕೆಲುಬಿನ ಕೆಳಗೆ ಗುಳಿ ಬೀಳುವುದು, ಎರಡು ತಿಂಗಳೊಳಗಿನ ಕೂಸು ನಿಮಿಷಕ್ಕೆ 60 ಅಥವಾ ಅದಕ್ಕಿಂತ ಹೆಚ್ಚು ಬಾರಿ ಉಸಿರಾಡುವುದು, ಹಾಲು ಬಿಡುವುದು, ತುಟಿ ನೀಲಿಗಟ್ಟುವುದು, ಇವುಗಳಲ್ಲಿ ಯಾವುದನ್ನು ಕಂಡರೂ ಆಸ್ಪತ್ರೆಗೆ ಓಡಬೇಕು. ತುಪ್ಪ ಸವರಿ ಬೆಳಗಿನವರೆಗೆ ಕಾಯುವಂತಿಲ್ಲ.

ಮಗಳು ಅಕ್ಟೋಬರ್ ನಡುವಿನಲ್ಲಿ ಲಸಿಕೆ ಹಾಕಿಸಿಕೊಂಡಳು. ಒಂಬತ್ತು ದಿನಗಳು ಕಳೆದಿದ್ದುವು. 36ನೆಯ ವಾರ ಪೂರ್ತಿಯಾಗುವ ಮುಂಚೆಯೇ ಹೆರಿಗೆಯಾಯಿತು. ಹೆಣ್ಣು ಮಗು, ತೂಕ 2.4 ಕಿಲೋಗ್ರಾಂ. ಅಜ್ಜಿ ಫೋನು ಮಾಡಿ ಕೇಳಿದ ಮೊದಲ ಪ್ರಶ್ನೆ, "ಆ ಸೂಜಿಯಿಂದಲೇ ಹೀಗಾಯಿತೆ?" ಎಂಬುದು. ನಾವು ಉತ್ತರಕ್ಕೆ ತಡಕಾಡಿದೆವೆಂಬುದನ್ನು ಒಪ್ಪಿಕೊಳ್ಳಬೇಕು. ಲಸಿಕೆ ಇಲ್ಲದೆಯೂ ನೂರರಲ್ಲಿ ಐದಾರು ಹೆರಿಗೆಗಳು ಹೀಗೆ ಮುಂಚಿತವಾಗಿ ಆಗುತ್ತಲೇ ಇರುತ್ತವೆ. ಸಾವಿರಾರು ಹೆರಿಗೆಗಳನ್ನು ಎಣಿಸಿದಾಗ ಹೆಚ್ಚು ಕಡಿಮೆಗಳು ಕಾಣುತ್ತವೆ. ಒಂದೇ ಹೆರಿಗೆಯನ್ನು ಮುಂದಿಟ್ಟುಕೊಂಡು ಇದು ಆ ಐದರಲ್ಲಿ ಒಂದೋ, ಬೇರೆಯೋ ಎಂದು ಹೇಳಲು ಯಾವ ವೈದ್ಯರಿಂದಲೂ ಆಗದು. ಹಾಗೆಂದೇ ಅವರಿಗೆ ಹೇಳಿದೆವು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದರೆ ಹದಿನಾಲ್ಕು ದಿನ ತುಂಬಲಿಲ್ಲವಲ್ಲ, ಕೂಸಿಗೆ ಕಾವಲು?" ಎಂದರು. ಅಲ್ಲಿಯ ಡಾಕ್ಟರು ಅದೇ ಲೆಕ್ಕ ಹಾಕಿ, ಆಸ್ಪತ್ರೆಯಿಂದ ಮನೆಗೆ ಕಳುಹಿಸುವ ದಿನವೇ ಕೂಸಿನ ತೊಡೆಗೆ 50 ಮಿಲಿಗ್ರಾಂ ನಿರ್ಸೆವಿಮ್ಯಾಬ್ ಕೊಟ್ಟಿದ್ದರು. ಅಜ್ಜಿ ಟಿಕೆಟ್ಟನ್ನು ಹಿಂದಕ್ಕೆ ತಂದು ನವೆಂಬರ್ 2ಕ್ಕೆ ಹೊರಟರು. ವಿಮಾನದಲ್ಲಿ ಪಕ್ಕದವರು ಕೆಮ್ಮುತ್ತಿದ್ದುದರಿಂದ, ಮನೆ ತಲಪಿದ ಮೇಲೆ ನಾಲ್ಕು ದಿನ ಮುಖಕ್ಕೆ ಬಟ್ಟೆ ಕಟ್ಟಿಕೊಂಡೇ ಮೊಮ್ಮಗಳನ್ನು ಎತ್ತಿಕೊಂಡರೆಂದು ಆಮೇಲೆ ತಿಳಿಯಿತು.